ದೆವ್ವಕ್ಕೆ ಬಿಳಿ ಸೀರೆ ಉಡಿಸಲಿಲ್ಲ

ಮೂರನೇ ಸಿನಿಮಾಕ್ಕೆ ಹಾಕಿದ ದುಡ್ಡು ವಾಪಸ್ ಬಂತು. ಮೇಲೆ ಉಳಿದದ್ದು 30 ಸಾವಿರದ ಆಸುಪಾಸು, ಅಷ್ಟೇ. ಆದರೂ ಬರೆಯಲೇಬೇಕು. "ಗೆಜ್ಜೆ ಸದ್ದಿಲ್ಲ, ಬಿಳಿ ಸೀರೆ ಇಲ್ಲ, ಇದ್ಯಾವ ಹಾರರ್ ಮೇಡಂ?" ಅಂತ ಕಥೆ ಕೇಳಿದ ನಾಲ್ಕೂ ನಿರ್ಮಾಪಕರು ಕಾಫಿ ಕುಡಿಸಿ ಕಳಿಸಿದ್ದರು.

ಮೊದಲನೆಯದು ಕಿರುಚಿತ್ರ. 90ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಬರೆಯುತ್ತಿದ್ದರಲ್ಲ, ಅದೇ ಎಳೆ. ಜನ ನಕ್ಕರು. ಹೆಂಗಸನ್ನೇ ದೆವ್ವ ಮಾಡಿ, ಕೊನೆಗೆ ಎರಡು ನಿಮಿಷ ಸ್ತ್ರೀವಾದದ ಭಾಷಣ ಅಂಟಿಸಿದ್ದೆ. ನಗದೆ ಏನು ಮಾಡಿಯಾರು. ಎರಡನೆಯದು ಹಾರ್ಡ್ ಡಿಸ್ಕಿನಲ್ಲೇ ಇದೆ, ಇರಲಿ.

ಮೂರನೆಯದು ಸಾಗರದ ಕಡೆಯ ನನ್ನ ಸೋದರತ್ತೆ ಮನೆಯಲ್ಲಿ ಹುಟ್ಟಿತು. "ಕಿಟಕಿ ಮುಚ್ಚಿ, ಹೊಗೆ ಹಾಕಿ, ನೀರು ಕೇಳಿದ್ರೆ ಬೈತಿದ್ರು. ಬಾಣಂತಿ ಕೋಣೆಗೆ ಬೇರೆ ದೆವ್ವ ಎಂತಕ್ಕೆ ಕೂಸೇ?" ಅಂದರು ಅತ್ತೆ. ಸ್ಕ್ರಿಪ್ಟ್ ಅಲ್ಲಿಗೆ ಸಿದ್ಧವಾಯಿತು: ಬಾಣಂತಿ ಕೋಣೆಯೇ ದೆವ್ವ. ಹನ್ನೊಂದು ದಿನ, ಆರು ಜನ, ಸುಮಾರು ಆರೂವರೆ ಲಕ್ಷ. ಚೀಟಿ ಎತ್ತಿದೆ, ಬಳೆ ಅಡವಿಟ್ಟೆ.

ಬೆಳಕಿಗೆ ಒಂದು ಬುಡ್ಡಿದೀಪ, ಕಿಟಕಿಯ ಒಂದು ಸಂದು. ಕ್ಯಾಮೆರಾ ಸೋನಿ ಎ7ಎಸ್ 3; ಕತ್ತಲಲ್ಲೂ ಕಾಣಲಿ ಅಂತ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 12,800ಕ್ಕೆ ಏರಿಸಿದ್ದೆ. ಚಿತ್ರದಲ್ಲಿ ಮರಳಿನಂಥ ಚುಕ್ಕೆ, ಗ್ರೇನ್, ಬಂತು, ಬರಲಿ. ಫಾಗ್ ಮಷೀನಿನ ಬಾಡಿಗೆ ಉಳಿಸಲು ಕೆಂಡಕ್ಕೆ ಸಾಂಬ್ರಾಣಿ ಹಾಕಿದೆವು. ಹೊಗೆ ಚಂದ ನಿಂತಿತು, ನಟಿಯ ಗಂಟಲು ಕೂತಿತು. ಉಳಿಸಿದ ದುಡ್ಡೆಲ್ಲ ಡಬ್ಬಿಂಗ್ ತಿಂದಿತು.

ರಕ್ತದ ಕಥೆಯೇ ಬೇರೆ. ಆರತಿಗೆ ಮಾಡುವ ಓಕುಳಿ, ಅರಿಶಿನ-ಸುಣ್ಣ, ಮೈದಾ ಗಂಜಿಯಲ್ಲಿ ಕಲಸಿದರೆ ಮೊದಲ ಟೇಕಿಗೆ ಅದ್ಭುತ. ಮೂರನೇ ಟೇಕಿಗೆ ಬೆವರು ತಾಗಿದಲ್ಲೆಲ್ಲ ಹಳದಿ! ಸುಣ್ಣಕ್ಕೆ ಚರ್ಮ ಉರಿದದ್ದು ಬೇರೆ. ಆಮೇಲೆ ಜೋನಿಬೆಲ್ಲಕ್ಕೆ, ಅಂದರೆ ನೀರುಬೆಲ್ಲಕ್ಕೆ, ಕೆಂಪು ಬಣ್ಣ ಹಾಕಿದೆವು; ಹದ ಸಿಕ್ಕಿತು, ಊರಿನ ಇರುವೆಯೆಲ್ಲ ಸೆಟ್ಟಿಗೆ ಬಂತು. ಇರುವೆ ತಡೆಯಲು ಆಮೇಲೆ ಅದಕ್ಕೇನು ಬೆರೆಸಿದೆ ಅನ್ನುವುದನ್ನು ಮುಂದಿನ ಸಿನಿಮಾ ಮುಗಿಯುವ ತನಕ ಹೇಳುವುದಿಲ್ಲ.

ಅಸಲು ಗೆಲುವು ಜೀರುಂಡೆಯದು. ಅದರ ಸದ್ದಿಗೆ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದಲ್ಲೇ ಹಿಡಿದ ಧ್ವನಿ, ಹಾಳಾಯಿತೆಂದು ಮೂರು ರಾತ್ರಿ ಅತ್ತಿದ್ದೆ. ಎಡಿಟ್ ಮಾಡುವಾಗ ಕೈತಪ್ಪಿ ಒಂದು ಕಡೆ ಆ ಟ್ರ್ಯಾಕ್ ಮ್ಯೂಟ್ ಆಯಿತು. ಎಡಿಟರ್ ತಿರುಗಿ ಬಾಗಿಲು ನೋಡಿದ! ಅಲ್ಲಿಂದ ಹಿನ್ನೆಲೆ ಸಂಗೀತ ಪೂರ್ತಿ ಕಿತ್ತು ಹಾಕಿದೆ. ನಲವತ್ತು ನಿಮಿಷ ಜೀರುಂಡೆ ಕೇಳಿಸಿ, ಅತ್ತೆಯ ಪಾತ್ರ ಚಿಲಕ ಹಾಕುವಾಗ ಮಾತ್ರ ನಿಲ್ಲಿಸಿದೆ. ಎಷ್ಟು ಫ್ರೇಮ್ ಮೊದಲು ಅನ್ನುವುದು ನನ್ನ ಹತ್ತಿರವೇ ಇರಲಿ.

ಒಟಿಟಿಯವರು ಬೇಡವೆಂದ ಮೇಲೆ ತಾಲೂಕು ಕೇಂದ್ರಗಳ ಹಾಲ್‌ಗಳಲ್ಲಿ ನಾವೇ ತೋರಿಸಿದೆವು. ಟಿಕೆಟ್ 150, ಅರವತ್ತರ ಹತ್ತಿರ ಶೋ. ಸ್ತ್ರೀಶಕ್ತಿ ಸಂಘದವರು ಗುಂಪಾಗಿ ಬರುತ್ತಿದ್ದರು. ಸೆನ್ಸಾರ್ ‘ಎ’ ಕೊಟ್ಟದ್ದೂ ಒಳ್ಳೆಯದೇ ಆಯಿತು, ಮಕ್ಕಳ ಗಲಾಟೆ ಇರಲಿಲ್ಲ. ಒಂದು ಊರಲ್ಲಿ ಜೀರುಂಡೆ ನಿಂತ ಆ ಗಳಿಗೆಗೆ ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು ಕೂಗಿದರು: "ಯಾರಾದ್ರೂ ಆ ಕಿಟಕಿ ತೆಗೀರೇ!"

ಮೊನ್ನೆ ಆ ನಾಲ್ವರಲ್ಲಿ ಒಬ್ಬರ ಫೋನ್. ಮುಂದಿನದಕ್ಕೆ ಬಂಡವಾಳ ಹಾಕುತ್ತಾರಂತೆ, ಗೆಜ್ಜೆ ಸ್ವಲ್ಪವಾದರೂ ಇರಲಿ ಅಂದರು. ಬಳೆ ಬಿಡಿಸಿಕೊಂಡು ಬಂದಿದ್ದೇನೆ, ಸದ್ಯಕ್ಕೆ ಅದನ್ನೇ ಮತ್ತೆ ಇಡುವ ಯೋಚನೆ.