ಕೊನೆಯ ಫೈಟರ್‌ನ ಲೆಕ್ಕ

ಫೈಟರ್ ವಿಮಾನ ಹಾರಿಸುತ್ತಿದ್ದ ನನ್ನನ್ನು ಹಾಸನದ ಎನ್‌ಸಿಸಿ ಹುಡುಗರು ಕೇಳುವ ಮೊದಲ ಪ್ರಶ್ನೆ: "ಸರ್, ಟ್ಯಾಂಕ್ ಎಷ್ಟು ಖಾಲಿಯಾದ ಮೇಲೆ ಗಾಳಿಯಲ್ಲಿ ತುಂಬಿಸ್ತಿದ್ರಿ?" ಖಾಲಿಯಾಗಲು ಬಿಡುತ್ತಲೇ ಇರಲಿಲ್ಲ. ಶಿರಾಡಿ ಘಾಟಿ ಇಳಿಯೋ ಮುಂಚೆ ಸಕಲೇಶಪುರದಲ್ಲೇ ತುಂಬಿಸಿಕೊಳ್ಳುತ್ತೇವಲ್ಲ, ಹಾಗೆ.

ನಕ್ಷೆಯ ಮೇಲೆ ನಾವು ಮೊದಲು ಗುರುತು ಹಾಕುತ್ತಿದ್ದದ್ದು ದಾರಿಯಲ್ಲಿ ಸಿಗುವ ಬದಲಿ ನಿಲ್ದಾಣಗಳನ್ನು. ಟ್ಯಾಂಕರ್‌ನಿಂದ, ಅಂದರೆ ಹಾರುತ್ತಲೇ ಪೈಪಿನಲ್ಲಿ ಇಂಧನ ಕೊಡುವ ವಿಮಾನದಿಂದ, ಒಂದು ಹನಿ ಸಿಗದಿದ್ದರೂ ಆಗ ಇರುವ ಇಂಧನದಲ್ಲೇ ಅಲ್ಲಿಗೆ ಮುಟ್ಟಬೇಕು. ಈ ಲೆಕ್ಕವನ್ನು ಸರದಿಯ ಕೊನೆಯ ಫೈಟರ್‌ಗೆ ಹಾಕಬೇಕು. ನಾಲ್ಕು ಫೈಟರ್, ಒಂದೇ ಪೈಪು, ತಲಾ 6 ನಿಮಿಷ ಇಂಧನ, 3 ನಿಮಿಷ ಜಾಗ ಬದಲಿಸಲು ಎಂದಿಟ್ಟುಕೊಳ್ಳಿ: ಕೊನೆಯವರದು ಮುಗಿಯಲು 36 ನಿಮಿಷ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಅದು 480 ಕಿ.ಮೀ.; ಹಾಸನದಿಂದ ಬೆಂಗಳೂರಿಗೆ ಹೋಗಿ ಬಂದರೂ ಅಷ್ಟಾಗದು. ನಮ್ಮ ವಾಯುಪಡೆಯ ಟ್ಯಾಂಕರ್ ಐಎಲ್-78ರ ಎರಡೂ ರೆಕ್ಕೆಯ ಪಾಡ್‌ಗಳು (ಪೈಪು ಬಿಡುವ ಘಟಕಗಳು) ನಡೆದರೆ ಅರ್ಧ ಹೊತ್ತು ಸಾಕು. ಆದರೂ ಒಂದು ಕೆಟ್ಟಿದೆ ಎಂದುಕೊಂಡೇ ಯೋಜನೆ ಮಾಡುವುದು ಕ್ಷೇಮ.

ಹತ್ತಿರ ಬರುವಾಗ ಟ್ಯಾಂಕರ್ ಕಣ್ಣಿಗೆ ಕಾಣುವವರೆಗೆ 1000 ಅಡಿ ಕೆಳಗೇ ಇರಬೇಕು. ಎಲ್ಲರ ಆಲ್ಟಿಮೀಟರ್ (ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಮಾಪಕ) 1013 ಮಿಲಿಬಾರ್‌ಗೇ ಇರಲಿ. 10 ಮಿಲಿಬಾರ್ ತಪ್ಪಿದರೆ ಸುಮಾರು 300 ಅಡಿ ಅಂತರ ಕರಗಿಹೋಗುತ್ತದೆ.

ಪೈಪಿನ ತುದಿಯ ಬುಟ್ಟಿಗೆ ಫೈಟರ್‌ನ ಪ್ರೋಬ್ (ಇಂಧನ ಪಡೆಯುವ ಕೊಳವೆ) ಕೂರಿಸುವಾಗ ಟ್ಯಾಂಕರ್‌ಗಿಂತ 3 ನಾಟ್‌ನಷ್ಟೇ ಹೆಚ್ಚು ವೇಗ, ಅಂದರೆ ನಾವು ನಡೆಯುವ ವೇಗ. ಕಡಿಮೆಯಾದರೆ ಕೊಂಡಿ ಕಚ್ಚುವುದಿಲ್ಲ. ಜಾಸ್ತಿಯಾದರೆ ಪೈಪು ಸಡಿಲಾಗಿ ಅಲೆ ಎದ್ದು, ಪ್ರೋಬ್‌ನ ತುದಿ ಮುರಿಯುತ್ತದೆ. ಫೈಟರ್‌ನ ಮೂತಿ ತಳ್ಳುವ ಗಾಳಿಗೇ ಬುಟ್ಟಿ ಪಕ್ಕಕ್ಕೆ ಸರಿಯುತ್ತದೆ. ಅದರ ಹಿಂದೆ ಬಿದ್ದು ವಿಮಾನದ ನಿಯಂತ್ರಣ ಕೋಲು ಆಡಿಸಿದವರು ತಪ್ಪುವುದು ಖಚಿತ. ಕಣ್ಣು ಟ್ಯಾಂಕರ್ ಮೇಲಿರಬೇಕು.

2020ರ ಜುಲೈನಲ್ಲಿ ಮೊದಲ 5 ರಫೇಲ್‌ಗಳು ಅಂಬಾಲಕ್ಕೆ ಬರುವಾಗ ದಾರಿಯಲ್ಲಿ ಇಂಧನ ಕೊಟ್ಟದ್ದು ಫ್ರಾನ್ಸ್‌ನ ಟ್ಯಾಂಕರ್. ಬೇರೆ ದೇಶದವರ ಜೊತೆ ಹಾರುವಾಗ ಅಂಕಿಯ ಮುಂದೆ ಕಿಲೋ, ಪೌಂಡ್ ಎಂದು ಬಾಯಿಬಿಟ್ಟು ಹೇಳಲೇಬೇಕು. 4000 ಪೌಂಡನ್ನು ಕಿಲೋ ಎಂದುಕೊಂಡರೆ ಅರ್ಧಕ್ಕಿಂತ ಹೆಚ್ಚು ಇಂಧನ ಕಾಗದದ ಮೇಲಷ್ಟೇ ಇರುತ್ತದೆ.

ಪ್ರೋಬ್ ತುದಿ ಮುರಿದು ಬುಟ್ಟಿಯಲ್ಲಿ ಉಳಿದರೆ ಆ ಪೈಪು ಉಳಿದವರಿಗೂ ಇಲ್ಲ. ಮುರಿದ ಫೈಟರ್ ತಕ್ಷಣ ಬದಲಿ ನಿಲ್ದಾಣಕ್ಕೆ ತಿರುಗಬೇಕು, ಸಮುದ್ರದ ಮೇಲೆ ಒಂಟಿಯಾಗಿ ಅಲ್ಲ, ಜೋಡಿಯ ಜೊತೆ. ಹಾಗಾಗಿ ಜೋಡಿಯಲ್ಲಿ ಒಬ್ಬರು ತುಂಬಿಸಿಕೊಂಡ ಕೂಡಲೇ ಇನ್ನೊಬ್ಬರ ಸರದಿ ಬರುವಂತೆ ಪಟ್ಟಿ ಹಾಕಬೇಕು.