ಹಳೆ ಸ್ಪೋರ್ಟ್ಸ್ ಕಾರಿಗೆ ಕರಾವಳಿಯಲ್ಲಿ ಬೆಲೆ ಕಟ್ಟುವುದು ಹೇಗೆ, ಕಾಯುವುದು ಹೇಗೆ?

ಕಾರವಾರ, ಅಂಕೋಲಾ, ಕುಮಟಾ ಕಡೆ ಹಳೆ ಕಾರು ನೋಡಲು ಹೋಗುವವರು ಬಾನೆಟ್ ಎತ್ತುವ ಮೊದಲು ನೆಲಕ್ಕೆ ಗೋಣಿಚೀಲ ಹಾಸಿ ಕಾರಿನ ಅಡಿಗೆ ತಲೆ ಹಾಕಬೇಕು. ಎಂಜಿನ್ ಎಷ್ಟೇ ಸವೆದಿದ್ದರೂ ಬಿಚ್ಚಿ, ಬೋರ್ ಮಾಡಿಸಿ ದಾರಿಗೆ ತರಬಹುದು. ಉಪ್ಪು ತಿಂದ ತಳವನ್ನು ಕೂಡಿಸುವ ಖರ್ಚು ಎಷ್ಟೋ ಸಲ ಕಾರಿನ ಬೆಲೆಯನ್ನೇ ನುಂಗುತ್ತದೆ.

ಹಳೆ ಸ್ಪೋರ್ಟ್ಸ್ ಕಾರುಗಳ ಬೆಲೆ ಏರಿದ್ದು ನಿಜ. 2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಹರಾಜಿನಲ್ಲಿ 1962ರ ಫೆರಾರಿ 250 ಜಿಟಿಒ 4.84 ಕೋಟಿ ಡಾಲರಿಗೆ ಹೋಯಿತು. 2022ರ ಮೇ ತಿಂಗಳಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆಗೆ 13.5 ಕೋಟಿ ಯೂರೊ ಬಂತು. ಜಿಟಿಒ ತಯಾರಾದದ್ದು 36, ಆ ಕೂಪೆ ಬರೀ ಎರಡು. ಅದೇ ಕಾಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ನೋಡಲು ಚೆಂದ, ಓಡಿಸಲು ಹಿತ, ಆದರೆ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ್ದರಿಂದ ಅದರ ಬೆಲೆ ಆ ಎತ್ತರಕ್ಕೆ ಏರಲೇ ಇಲ್ಲ. ಎಷ್ಟು ಉಳಿದಿವೆ, ಹುಟ್ಟಿದಾಗಿನ ಎಂಜಿನ್ ಈಗಲೂ ಅದರಲ್ಲೇ ಇದೆಯೇ, ಅದರ ಚರಿತ್ರೆಗೆ ಕಾಗದವಿದೆಯೇ ಎಂಬ ಮೂರರ ಮೇಲೆ ಬೆಲೆ ನಿಲ್ಲುತ್ತದೆ. ನಮ್ಮ ಹಿತ್ತಿಲ ಶೆಡ್ಡಿನ ಕಾರಿಗೂ ಇದೇ ಲೆಕ್ಕ.

ನಮ್ಮಲ್ಲಿ ಆಸಕ್ತರು ಹುಡುಕುವ ಕಾರುಗಳು ಬೇರೆ. 1961ರಿಂದ ಮದ್ರಾಸಿನಲ್ಲಿ ತಯಾರಾದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, ನಿಸಾನ್ ಎಂಜಿನ್ನಿನ ಪ್ರೀಮಿಯರ್ 118 ಎನ್‌ಇ, 1984ರಲ್ಲಿ ಬಂದ ಹಿಂದೂಸ್ತಾನ್ ಮೋಟರ್ಸ್ ಕಂಪನಿಯ ಕಾಂಟೆಸ್ಸಾ, ಗೋವಾದಲ್ಲಿ ತಯಾರಾದ ಪುಟ್ಟ ತೆರೆದ ಕಾರು ಸ್ಯಾನ್ ಸ್ಟಾರ್ಮ್. ಇತ್ತೀಚಿನವುಗಳಲ್ಲಿ 106 ಅಶ್ವಶಕ್ತಿಯ ಹೋಂಡಾ ಸಿಟಿ ವಿಟೆಕ್, ಫಿಯಟ್ ಪಾಲಿಯೊ 1.6. ಕಾಲೇಜಿನ ದಿನಗಳಲ್ಲಿ ಇವುಗಳನ್ನು ಕಣ್ತುಂಬ ನೋಡಿದವರ ಕೈಯಲ್ಲಿ ಈಗ ಹಣವಿದೆ, ಗುಜರಿಗೆ ಹೋಗದೆ ಉಳಿದ ಕಾರುಗಳು ಮಾತ್ರ ಕಡಿಮೆ. ಹೆರಾಲ್ಡ್‌ಗೆ ಇನ್ನೊಂದು ಅನುಕೂಲವಿದೆ. ಬ್ರಿಟಿಷ್ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿದ್ದು ಇದೇ ಹೆರಾಲ್ಡ್‌ನಿಂದ, ಹಾಗಾಗಿ ಬಿಡಿಭಾಗಗಳು ಇವತ್ತಿಗೂ ಬ್ರಿಟನ್ನಿನಲ್ಲಿ ಹೊಸದಾಗಿ ತಯಾರಾಗುತ್ತವೆ. ಬಿಡಿಭಾಗ ಸಿಗುವ ಕಾರನ್ನೇ ಆರಿಸಿ. ಸಾಮಾನು ಸಿಗದ ಅಪರೂಪದ ಕಾರು ಶೆಡ್ಡಿನಲ್ಲೇ ಮುಪ್ಪಾಗುತ್ತದೆ.

ಮೊದಲು ನಂಬರು, ಕಾಗದ

ಆರ್‌ಸಿ ಕೈಯಲ್ಲಿ ಹಿಡಿದು ಚಾಸಿ ನಂಬರ್ ಪಂಚ್ ಆದ ಜಾಗ ಹುಡುಕಿ. ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಅಕ್ಷರಗಳ ಆಳ, ಅಂತರ ಒಂದೇ ತೆರನಾಗಿರಬೇಕು. ಸುತ್ತಲಿನ ತಗಡು ಉಜ್ಜಿ ನುಣುಪಾಗಿದ್ದರೆ, ವೆಲ್ಡಿಂಗ್ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಕರಾವಳಿಯಲ್ಲಿ ಕಳ್ಳತನವಿಲ್ಲದೆಯೂ ಹೀಗಾಗುವುದುಂಟು. ತುಕ್ಕು ಹಿಡಿದ ತಗಡನ್ನು ಟಿಂಕರ್ ಕತ್ತರಿಸುವಾಗ ನಂಬರೂ ಗುಜರಿಗೆ ಹೋಗಿರುತ್ತದೆ. ಕಾರಣ ಯಾವುದೇ ಇರಲಿ, ಆರ್‌ಟಿಒ ಅನುಮತಿಯಿಂದ ಮತ್ತೆ ಪಂಚ್ ಮಾಡಿಸಿದ ದಾಖಲೆ ಇಲ್ಲದಿದ್ದರೆ ಅಂಥ ಕಾರಿಗೆ ಬೆಲೆ ಕಟ್ಟಲು ಹೋಗಬೇಡಿ. ನಂಬರನ್ನು ಗ್ರೈಂಡರ್ ಹಾಕಿ ಸ್ವಚ್ಛ ಮಾಡಲು ಯಾರಿಗೂ ಬಿಡಬೇಡಿ.

ಮುಂದೆ ಎಂಜಿನ್ ನಂಬರು. ಕಾಂಟೆಸ್ಸಾದಂಥ ಪೆಟ್ರೋಲ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿಕೊಳ್ಳುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಬದಲಾದ ಎಂಜಿನ್ನಿನ ನಂಬರು, ಇಂಧನ ಎರಡೂ ಆರ್‌ಸಿಯಲ್ಲಿ ನಮೂದಾಗಿರಬೇಕು. ನಮೂದಾಗಿದ್ದರೆ ಓಡಿಸಲು ಅಡ್ಡಿಯಿಲ್ಲ, ಆದರೆ ಮೂಲ ಎಂಜಿನ್ನಿನ ಕಾರಿನ ಬೆಲೆ ಇದಕ್ಕೆ ಕೊಡಬೇಡಿ. ಮೂಲ ಎಂಜಿನ್ ಮೂಲೆಯಲ್ಲಿ ಬಿದ್ದಿದ್ದರೆ, ಜಾಮ್ ಆಗಿದ್ದರೂ ಸರಿ, ವ್ಯಾಪಾರದಲ್ಲೇ ಸೇರಿಸಿಕೊಂಡು ತನ್ನಿ.

ಕಾರವಾರದ ಕೆಎ-30, ಶಿರಸಿಯ ಕೆಎ-31, ಹೊನ್ನಾವರದ ಕೆಎ-47 ಕಾರುಗಳಿಗೆ ಫಾರ್ಮ್ 29 ಮತ್ತು 30ರಲ್ಲಿ ಹೆಸರು ಬದಲಾಗುತ್ತದೆ. ಗೋವಾ ಕಾರಾದರೆ ಅಲ್ಲಿಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು, ಅದು ಫಾರ್ಮ್ 28. ಇಲ್ಲಿ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಎನ್‌ಒಸಿ ಬರುವ ತನಕ ಪೂರ್ತಿ ಹಣ ಕೊಡಬೇಡಿ. ತೀರಿದ ಸಾಲದ ನಮೂದು ಆರ್‌ಸಿಯಲ್ಲಿ ಹಾಗೇ ಉಳಿದಿದ್ದರೆ ಬ್ಯಾಂಕಿನಿಂದ ಫಾರ್ಮ್ 35 ತರುವುದು ಮಾರುವವರ ಕೆಲಸ. 15 ವರ್ಷ ದಾಟಿದ ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಣವಾಗಬೇಕು. 2025ರ ತಿದ್ದುಪಡಿಯ ನಂತರ 20 ವರ್ಷ ದಾಟಿದ ಕಾರಿಗೆ ಇದರ ಶುಲ್ಕವೇ 10,000 ರೂಪಾಯಿ. ಆಮದು ಕಾರಿಗೆ ಇನ್ನೂ ಬಹಳ ಹೆಚ್ಚು.

50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರಿಗೆ 2021ರ ನಿಯಮಗಳ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಮಾನ್ಯತೆ, ಮರುನೋಂದಣಿಗೆ 5,000. ಮೊದಲೇ ನೋಂದಣಿಯಾದ ಕಾರು ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳಿ, ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರಿಗೆ ಆಸಕ್ತರು ಹೆಚ್ಚು ಕೊಡುತ್ತಾರೆ. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದು ನೆನಪಿರಲಿ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗಷ್ಟೇ ರಸ್ತೆ.

ತುಕ್ಕು

ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ನೀರಾಡುವುದನ್ನು ನೋಡಿದ್ದೀರಿ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರೆಳೆದು ಕರಗುತ್ತದೆ. ಕಡಲ ಗಾಳಿಯ ಉಪ್ಪು ಅಂಟಿದ ತಗಡಿನ ಮೇಲೂ ಇದೇ ಆಗುವುದು. ಶೆಡ್ಡಿನೊಳಗೆ ಒಂದು ಹನಿ ಮಳೆ ಬೀಳದಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ತಗಡು ಒದ್ದೆಯಾಗಿಯೇ ಇರುತ್ತದೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರು ಚಕ್ರದಿಂದ ಎರಚಿ ನೇರ ತಳಕ್ಕೆ ಬಡಿಯುತ್ತದೆ. ಇದು ಗಾಳಿಗಿಂತ ಕೆಟ್ಟದ್ದು.

ಫ್ರಿಜ್ ಬಾಗಿಲಿಗೆ ಅಂಟಿಸುವಂಥ ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಡಿಯ ಮೇಲೆ ಆಡಿಸಿ. ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್, ಮತ್ತೊಮ್ಮೆ ಬಣ್ಣ ಕಂಡದ್ದು 200ರಿಂದ 300. 1000 ದಾಟಿದರೆ ಒಳಗೆ ಪುಟ್ಟಿಯೇ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಮಡ್‌ಗಾರ್ಡ್ ಅಂಚು, ಬಾಗಿಲಿನ ತಳ, ಮುಂದಿನ ಗಾಜಿನ ಕೆಳಮೂಲೆ, ಬ್ಯಾಟರಿ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಇಷ್ಟನ್ನೂ ಬಿಡದೆ ನೋಡಿ. ಒಳಗೆ ಮ್ಯಾಟ್ ಎತ್ತಿಸಿ. ಎತ್ತಲು ಒಪ್ಪದವರ ಕಾರಿನ ಫ್ಲೋರ್ ಹೋಗಿದೆಯೆಂದೇ ಲೆಕ್ಕ ಹಾಕಿ. ಜಾಕ್ ಕೊಟ್ಟು ಒಂದು ಬದಿ ಎತ್ತಿದಾಗ ಬಾಗಿಲು ಸಲೀಸಾಗಿ ತೆರೆದು ಮುಚ್ಚಬೇಕು. ಸಿಕ್ಕಿಕೊಂಡರೆ ಬಾಡಿ ಬಾಗುತ್ತಿದೆ, ಒಳಗಿನ ಆಧಾರ ಹೋಗಿದೆ ಎಂದರ್ಥ.

118 ಎನ್‌ಇ, ಕಾಂಟೆಸ್ಸಾಗಳಿಗೆ ಬಾಡಿಯಿಂದ ಬೇರೆಯಾದ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಇಲ್ಲ. ರನ್ನಿಂಗ್ ಬೋರ್ಡ್ ಮತ್ತು ಫ್ಲೋರೇ ಅವುಗಳ ಬೆನ್ನುಮೂಳೆ. ಮೇಲಿನಿಂದ ತಗಡಿನ ತೇಪೆ ಹಾಕಿದ್ದರೆ ಒಳಗಿನ ಕೊಳೆತ ಪದರ ಹಾಗೇ ಉಳಿದಿರುತ್ತದೆ, ಎರಡು ಮಳೆಗಾಲಕ್ಕೆ ತೇಪೆಯೂ ಹೋಗುತ್ತದೆ. ಕತ್ತರಿಸಿ ಒಳಪದರದಿಂದ ಹೊಸದು ಕೂರಿಸಬೇಕು. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿಸಿಕೊಳ್ಳದಿದ್ದರೆ ಬಾಡಿ ನಡುವೆ ಬಗ್ಗಿ, ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಹೆರಾಲ್ಡ್‌ಗೆ ಚಾಸಿ ಬೇರೆ, ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಬಹುದು. ಅದರಲ್ಲಿ ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಮಂಕು ಸದ್ದು ಮಾಡುತ್ತದೆ. ಸ್ಯಾನ್ ಸ್ಟಾರ್ಮ್‌ನ ಬಾಡಿ ಫೈಬರ್, ತುಕ್ಕು ಹಿಡಿಯದು. ಆ ನೆಮ್ಮದಿಯಲ್ಲೇ ಜನ ಅದರ ಅಡಿಯ ಉಕ್ಕಿನ ಚೌಕಟ್ಟು ನೋಡುವುದನ್ನು ಬಿಡುತ್ತಾರೆ.

ಶಿರಸಿ, ಸಿದ್ದಾಪುರದ ಕಾರುಗಳ ಕಾಯಿಲೆ ಬೇರೆ. ಅಲ್ಲಿ ಉಪ್ಪಿಲ್ಲ, ಕೆಂಪು ಮಣ್ಣಿದೆ. ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ಕೂತ ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಮರದಡಿ ನಿಲ್ಲಿಸಿದ ಕಾರಿನ ಗಾಜಿನ ಬುಡದಲ್ಲಿ ಎಲೆ ಕೊಳೆತು ನೀರು ಹೋಗುವ ತೂತು ಕಟ್ಟಿ, ನೀರು ಫ್ಲೋರಿಗೆ ಇಳಿಯುತ್ತದೆ. ಅಡಿಕೆ ಗೋದಾಮಿನಲ್ಲಿ ನಿಂತ ಕಾರಿಗೆ ಇಲಿ ವೈರ್ ಕಡಿದಿರುತ್ತದೆ. ಇವನ್ನೆಲ್ಲ ಸರಿಪಡಿಸಬಹುದು. ಒಂದೇ ಬೆಲೆಗೆ ಎರಡು ಕಾರು ಸಿಕ್ಕರೆ ಘಟ್ಟದ ಮೇಲಿನದನ್ನೇ ತೆಗೆದುಕೊಳ್ಳಿ.

ಘಟ್ಟ ಹತ್ತಿಸಿ ನೋಡಿ

ಎಂಜಿನ್ ಪರೀಕ್ಷೆಗೆ ಕುಮಟಾದಿಂದ ದೇವಿಮನೆ ಘಟ್ಟಕ್ಕಿಂತ ಒಳ್ಳೆ ಜಾಗ ಬೇಡ. ಹತ್ತುವಾಗ ಟೆಂಪರೇಚರ್ ಮುಳ್ಳು ಒಂದೇ ಸಮ ಏರುತ್ತಾ ಹೋದರೆ ರೇಡಿಯೇಟರ್ ಕಟ್ಟಿದೆ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಇಳಿಯುವಾಗ ಗೇರಿನಲ್ಲೇ ಬಿಟ್ಟು, ಕೆಳಗೆ ಬಂದು ಎಕ್ಸಲರೇಟರ್ ಒತ್ತಿ. ಭಪ್ಪೆಂದು ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ ಸವೆದಿದೆ. ಹತ್ತುವಾಗಲೂ ನೀಲಿ ಹೊಗೆ ನಿಲ್ಲದಿದ್ದರೆ ಪಿಸ್ಟನ್ ರಿಂಗ್ ಹೋಗಿದೆ. ಎಂಜಿನ್ ಬಿಸಿಯಿರುವಾಗಲೇ ಎಲ್ಲ ಪ್ಲಗ್ ಬಿಚ್ಚಿ, ಎಕ್ಸಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ. ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್.

ಈಗಿನ ಇ20 ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಬೆರೆತ ಎಥೆನಾಲ್ ಹಳೆ ರಬ್ಬರ್ ಪೈಪುಗಳನ್ನು ಉಬ್ಬಿಸಿ ಬಿರಿಸುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಕಾರು ಕೊಂಡ ವಾರದಲ್ಲೇ ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಎಲ್ಲ ಪೈಪನ್ನೂ ಎಥೆನಾಲ್ ತಾಳುವ ಹೊಸ ಪೈಪಿಗೆ ಬದಲಿಸಿ.

ಬೆಲೆ

ಜಾಹೀರಾತಿನಲ್ಲಿ ಕೇಳುವ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಅದೇ ಮಾದರಿಯ ಐದಾರು ಕಾರು ನಿಜವಾಗಿ ಎಷ್ಟಕ್ಕೆ ಕೈ ಬದಲಾದವು ಎಂದು ಮಾಲೀಕರಿಂದ, ಆ ಮಾದರಿ ಬಲ್ಲ ಮೆಕ್ಯಾನಿಕ್‌ಗಳಿಂದ ತಿಳಿದುಕೊಳ್ಳಿ. ಲೆಕ್ಕದ ಕ್ರಮ ತಿಳಿಯಲು ಅಂಕಿ ಹೀಗಿಟ್ಟುಕೊಳ್ಳೋಣ. ಒಳ್ಳೆ ಸ್ಥಿತಿಯ ಕಾರಿಗೆ 6 ಲಕ್ಷ ನಡೆಯುತ್ತಿದೆ. ನೀವು ನೋಡಿದ ಕಾರಿಗೆ ತಳದ ಕೆಲಸ 90,000, ಎಂಜಿನ್ 70,000, ವೈರಿಂಗ್ ಮತ್ತು ರಬ್ಬರ್ 40,000, ಬ್ರೇಕ್ ಮತ್ತು ಟೈರ್ 40,000, ಕಾಗದ 20,000. ಒಟ್ಟು 2.6 ಲಕ್ಷ. ಇದಕ್ಕೆ ಶೇಕಡಾ 30 ಸೇರಿಸಲೇಬೇಕು, ಯಾಕೆಂದರೆ ಬಣ್ಣ ಕೆರೆದ ಮೇಲೆ ಕಾಣುವ ತೂತುಗಳು ಮೊದಲ ಅಂದಾಜಿನಲ್ಲಿ ಇರುವುದಿಲ್ಲ. ಆಗ ಖರ್ಚು 3.38 ಲಕ್ಷ. ನೀವು ಕೊಡಬಹುದಾದ್ದು 2.62 ಲಕ್ಷ, ಅದಕ್ಕಿಂತ ಮೇಲೆ ಹೋಗಬೇಡಿ.

ಲಾಭಕ್ಕೆಂದು ಕೊಳ್ಳುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ವಿಮೆ, ಆಯಿಲ್, ಬ್ಯಾಟರಿ, ಶೆಡ್ಡಿಗೆ ವರ್ಷಕ್ಕೆ 25,000 ಎಂದರೂ ಐದು ವರ್ಷಕ್ಕೆ 1.25 ಲಕ್ಷ. 6 ಲಕ್ಷದ ಕಾರು ಐದು ವರ್ಷದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಏರಿದರೆ ಮಾತ್ರ ಹಾಕಿದ ಹಣ ತಿರುಗಿ ಬಂತು, ಬ್ಯಾಂಕಿನ ಬಡ್ಡಿ ಬಿಟ್ಟು. ಓಡಿಸುವ ಆಸೆ ಇಲ್ಲದವರಿಗೆ ಇದು ಒಳ್ಳೆ ಹೂಡಿಕೆಯಲ್ಲ.

ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯ ವಿಮೆಯವರೂ ನೀವೂ ಒಪ್ಪಿದ ಮೊತ್ತ. ಸುಮ್ಮನಿದ್ದರೆ ತೀರ ಕಡಿಮೆ ಬರೆಯುತ್ತಾರೆ. ಪರವಾನಗಿ ಪಡೆದ ಸರ್ವೇಯರ್‌ನ ಮೌಲ್ಯಮಾಪನ ವರದಿ, ಎಲ್ಲ ಬದಿಯ, ತಳದ ಫೋಟೊ, ಖರ್ಚಿನ ಬಿಲ್ಲು ಕೊಟ್ಟು ಮೊತ್ತ ಬರೆಸಿಕೊಳ್ಳಿ. ಅದೇ ಬಿಲ್ಲುಗಳ ಕಡತ ಮುಂದೆ ಮಾರುವಾಗಲೂ ಬೆಲೆ ತರುತ್ತದೆ. ಬಿಚ್ಚಿದ ಮೂಲ ಸಾಮಾನು ಒಂದನ್ನೂ ಎಸೆಯಬೇಡಿ.

ಮಳೆಗಾಲ ದಾಟಿಸುವುದು

ಏಪ್ರಿಲ್‌ನಲ್ಲಿ ತಳವನ್ನು ಸಿಹಿನೀರಿನಿಂದ ತೊಳೆಸಿ, ನೀರು ಹೋಗುವ ತೂತುಗಳನ್ನು ತಂತಿಯಿಂದ ಬಿಡಿಸಿ, ನಾಲ್ಕು ದಿನ ಬಿಸಿಲಿಗೆ ನಿಲ್ಲಿಸಿ. ಆಮೇಲೆ ರನ್ನಿಂಗ್ ಬೋರ್ಡ್, ಬಾಗಿಲು, ಚಾಸಿಯ ಟೊಳ್ಳುಗಳಿಗೆ ಉದ್ದ ನಳಿಕೆಯಿಂದ ಮೇಣದ ತುಕ್ಕುನಿರೋಧಕ ಹೊಡೆಸಿ. ಸಣ್ಣ ಕಾರಿಗೆ 2ರಿಂದ 3 ಲೀಟರ್ ಬೇಕು. ಇರುವ ತುಕ್ಕಿನ ಮೇಲೇ ಕಪ್ಪು ಟಾರಿನ ಅಂಡರ್‌ಕೋಟಿಂಗ್ ಬಳಿಸುವುದು ದೊಡ್ಡ ತಪ್ಪು. ಅದು ಒಣಗಿ ಬಿರಿದ ಮೇಲೆ ಒಳಗೆ ಹೋದ ನೀರು ಹೊರಬರಲಾರದೆ, ತಗಡು ಕಣ್ಣಿಗೆ ಕಾಣದಂತೆ ಕೊಳೆಯುತ್ತದೆ.

ಚಿರೆಕಲ್ಲು ಅಥವಾ ಮಣ್ಣಿನ ನೆಲ ತೇವ ಬಿಡುತ್ತದೆ. ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ ಹಲಗೆ ಇಟ್ಟು ಕಾರು ನಿಲ್ಲಿಸಿ. ಅಡಿಕೆಗೆ ಬಳಸುವ ಟಾರ್ಪಾಲು ಕಾರಿಗೆ ಹೊದಿಸಬೇಡಿ, ಅದರೊಳಗೆ ಬೆವರು ಕಟ್ಟುತ್ತದೆ. ಹಳೆ ಹತ್ತಿ ಬೆಡ್‌ಶೀಟೇ ಸಾಕು. ಶೆಡ್ಡಿನಲ್ಲಿ ತೇವಾಂಶ ಅಳೆಯುವ ಮೀಟರ್ ಇಡಿ. ತೇವ ತೆಗೆಯುವ ಯಂತ್ರವಿದ್ದರೆ ಶೇಕಡಾ 55ರ ಒಳಗೆ ಇಡಬಹುದು. ನೀರು ಹೀರಿ ಡಬ್ಬಿಯಲ್ಲಿ ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಕಾರಿನೊಳಗೆ ಬೇಡ. ಚೆಲ್ಲಿದರೆ ಅದೂ ಉಪ್ಪುನೀರೇ. ಟ್ಯಾಂಕ್ ತುಂಬಿಸಿ, ಕಾರ್ಬೊರೇಟರ್ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ ತಿಂಗಳಿಗೊಮ್ಮೆ 12.6 ವೋಲ್ಟ್‌ಗೆ ಚಾರ್ಜ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಡ್ರಮ್ಮಿಗೆ ಅಂಟುತ್ತದೆ, ಚಕ್ರಕ್ಕೆ ಮರದ ಅಡೆ ಕೊಡಿ. ನಡುವೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಬಿಡಿ. ಅಷ್ಟರಲ್ಲಿ ಎಂಜಿನ್ ಕಾಯದೆ, ಸೈಲೆನ್ಸರ್ ಮತ್ತು ಆಯಿಲಿನಲ್ಲಿ ನೀರು ಕೂಡುತ್ತದೆ. ಓಡಿಸುವುದಾದರೆ ಮಳೆ ಬಿಟ್ಟ ದಿನ ಅರ್ಧ ಗಂಟೆ ಓಡಿಸಿ, ಇಲ್ಲವೇ ಮುಟ್ಟಬೇಡಿ.

ಅಕ್ಟೋಬರ್‌ನಲ್ಲಿ ಹೊರತೆಗೆಯುವಾಗ ಮೊದಲು ಇಲಿಗೂಡು, ವೈರ್ ನೋಡಿ. ಬ್ರೇಕ್ ಆಯಿಲ್ ಬದಲಿಸಿ, ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ 5 ಮಿಲಿ ಆಯಿಲ್ ಬಿಟ್ಟು, ಕಾಯಿಲ್ ವೈರ್ ತೆಗೆದು ಸ್ಟಾರ್ಟರಿನಿಂದ ಹತ್ತತ್ತು ಸೆಕೆಂಡ್ ತಿರುಗಿಸಿ. ಆಯಿಲ್ ದೀಪ ಆರಿದ ಮೇಲಷ್ಟೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಅಂಗಳದಲ್ಲೇ ಎರಡು ಸುತ್ತು ಬ್ರೇಕ್ ಒತ್ತಿ ನೋಡಿ, ಆಮೇಲೆ ರಸ್ತೆಗೆ ಇಳಿಸಿ.