ಸಾಂತಾ ಕ್ಲಾರಾ ಕೌಂಟಿ: ಯಾವ ಕೆಲಸಕ್ಕೆ ಯಾವ ಕಚೇರಿ

ಕ್ಯಾಲಿಫೋರ್ನಿಯಾದಲ್ಲಿ ಸಾಂತಾ ಕ್ಲಾರಾ ಎಂಬ ಹೆಸರಿನ ನಗರವೂ ಇದೆ, ಕೌಂಟಿಯೂ ಇದೆ. ನಗರವು ಕೌಂಟಿಯೊಳಗಿನ ಹದಿನೈದು ಊರುಗಳಲ್ಲಿ ಒಂದು ಮಾತ್ರ. ಕೌಂಟಿಯ ಆಡಳಿತ ಕೇಂದ್ರ ಇರುವುದು ಸ್ಯಾನ್ ಹೋಸೆಯಲ್ಲಿ. ನಮ್ಮವರು ಕೌಂಟಿಯನ್ನು 'ಜಿಲ್ಲೆ' ಎಂದುಕೊಂಡು, ಎಲ್ಲಕ್ಕೂ ಮೇಲೆ ಒಬ್ಬ ಜಿಲ್ಲಾಧಿಕಾರಿ ಇರುತ್ತಾರೆಂದು ಭಾವಿಸುವುದು ಸಹಜ. ಇಲ್ಲಿ ಅಂಥ ಹುದ್ದೆಯೇ ಇಲ್ಲ. ಅಧಿಕಾರವು ಕೌಂಟಿ, ನಗರ, ಶಾಲಾ ಡಿಸ್ಟ್ರಿಕ್ಟ್, ನೀರಿನ ಡಿಸ್ಟ್ರಿಕ್ಟ್ (ಇಲ್ಲಿ ಡಿಸ್ಟ್ರಿಕ್ಟ್ ಎಂದರೆ ಜಿಲ್ಲೆಯಲ್ಲ, ಒಂದೇ ಕೆಲಸಕ್ಕೆಂದು ಇರುವ ಸ್ಥಳೀಯ ಸಂಸ್ಥೆ), ಸಾರಿಗೆ ಪ್ರಾಧಿಕಾರ ಎಂದು ಹಂಚಿಹೋಗಿರುವುದರಿಂದ, ಯಾವ ಬಾಗಿಲು ತಟ್ಟಬೇಕೆಂದು ತಿಳಿದಿದ್ದರೆ ಅರ್ಧ ಕೆಲಸ ಆದಂತೆಯೇ.

ಕೌಂಟಿಯು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣ ತುದಿಯಲ್ಲಿದೆ. ಪಶ್ಚಿಮಕ್ಕೆ ಕಾಡು ತುಂಬಿದ ಸಾಂತಾ ಕ್ರೂಜ್ ಬೆಟ್ಟಗಳು, ಪೂರ್ವಕ್ಕೆ ಬೇಸಗೆಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುವ ಡಿಯಾಬ್ಲೋ ಸಾಲು. ಜನವಸತಿಯೆಲ್ಲ ಬಹುಮಟ್ಟಿಗೆ ಇವೆರಡರ ನಡುವಿನ ಕಣಿವೆಯಲ್ಲಿದೆ. ಪೂರ್ವದ ಮೌಂಟ್ ಹ್ಯಾಮಿಲ್ಟನ್ ಮೇಲೆ 1888ರಲ್ಲಿ ಆರಂಭವಾದ ಲಿಕ್ ವೀಕ್ಷಣಾಲಯದ ಬಿಳಿಯ ಗುಮ್ಮಟಗಳು ಸ್ವಚ್ಛ ಆಕಾಶದ ದಿನ ಊರಿನಿಂದಲೇ ಕಾಣುತ್ತವೆ. ಓಹ್ಲೋನಿ ಎಂಬ ಮೂಲನಿವಾಸಿ ಜನರ ಈ ನೆಲಕ್ಕೆ 1777ರಲ್ಲಿ ಸ್ಪ್ಯಾನಿಷರು ಬಂದು ಕ್ರೈಸ್ತ ಮಿಷನ್ ಕಟ್ಟಿದರು. 1850ರಲ್ಲಿ ಕೌಂಟಿ ಸ್ಥಾಪನೆಯಾಯಿತು. ಕಂಪ್ಯೂಟರ್ ಚಿಪ್ ಉದ್ಯಮ ಬರುವ ಮುನ್ನ ಇದು ಪ್ರೂನ್, ಏಪ್ರಿಕಾಟ್, ಚೆರಿ ತೋಟಗಳ ಸೀಮೆಯಾಗಿತ್ತು. ಆ ತೋಟಗಳಿಗೂ ಬೆಳೆಯುತ್ತಿದ್ದ ಊರುಗಳಿಗೂ ಅಂತರ್ಜಲವನ್ನು ಎಗ್ಗಿಲ್ಲದೆ ಎತ್ತಿದ್ದರಿಂದ ಸ್ಯಾನ್ ಹೋಸೆಯ ಪೇಟೆಯ ನೆಲ 20ನೇ ಶತಮಾನದಲ್ಲಿ ಸುಮಾರು 13 ಅಡಿ ಕುಸಿಯಿತು. ಕೊಲ್ಲಿಯಂಚಿನ ಆಲ್ವಿಸೋ ಸಮುದ್ರಮಟ್ಟಕ್ಕಿಂತ ಕೆಳಗಿಳಿಯಿತು. ಇಂದು ಜಲಾಶಯಗಳನ್ನೂ ಅಂತರ್ಜಲವನ್ನೂ ನೋಡಿಕೊಳ್ಳುವ 'ವ್ಯಾಲಿ ವಾಟರ್' ಕೌಂಟಿಯ ಇಲಾಖೆಯಲ್ಲ, ತನ್ನದೇ ಚುನಾಯಿತ ಮಂಡಳಿಯುಳ್ಳ ಪ್ರತ್ಯೇಕ ಸಂಸ್ಥೆ.

2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 19,36,259. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ಯಾನ್ ಹೋಸೆಯವರು. ಏಷ್ಯಾ ಮೂಲದವರೇ ಅತಿ ದೊಡ್ಡ ಗುಂಪು. ಐವರಲ್ಲಿ ಸುಮಾರು ಇಬ್ಬರು ಅಮೆರಿಕದ ಹೊರಗೆ ಹುಟ್ಟಿದವರು. ಇಲ್ಲಿ ಕನ್ನಡಿಗರ ನೆಲೆಯೂ ಹಳೆಯದು: ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಷ್ಟು ಹಿಂದಿನದು, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2014ರ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಸ್ಯಾನ್ ಹೋಸೆಯಲ್ಲಿ.

ಕೌಂಟಿಯನ್ನು ಆಳುವುದು ಐವರು ಸದಸ್ಯರ ಬೋರ್ಡ್ ಆಫ್ ಸೂಪರ್‌ವೈಸರ್ಸ್. ಒಂದೊಂದು ಕ್ಷೇತ್ರದಿಂದ ನಾಲ್ಕು ವರ್ಷಗಳ ಅವಧಿಗೆ ಒಬ್ಬೊಬ್ಬರು ಆಯ್ಕೆಯಾಗುತ್ತಾರೆ. ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಬೋರ್ಡು ನೇಮಿಸುವ ಕೌಂಟಿ ಎಕ್ಸಿಕ್ಯೂಟಿವ್ ದಿನನಿತ್ಯದ ಆಡಳಿತ ನಡೆಸುತ್ತಾರೆ. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರಿ ಅಭಿಯೋಜಕ), ಅಸೆಸರ್ (ಆಸ್ತಿಯ ಮೌಲ್ಯ ಕಟ್ಟುವ ಅಧಿಕಾರಿ) ಈ ಮೂವರನ್ನು ಜನರೇ ಆರಿಸುವುದರಿಂದ ಅವರು ಬೋರ್ಡಿನ ಕೈಕೆಳಗಿನವರಲ್ಲ. ಕುಪರ್ಟಿನೋ, ಸಾರಟೋಗಾ, ಲಾಸ್ ಆಲ್ಟೋಸ್ ಹಿಲ್ಸ್ ಸ್ವಂತ ಪೊಲೀಸ್ ಪಡೆ ಇಟ್ಟುಕೊಳ್ಳದೆ ಒಪ್ಪಂದದ ಮೇಲೆ ಶೆರಿಫ್ ಇಲಾಖೆಯಿಂದಲೇ ಸೇವೆ ಪಡೆಯುತ್ತವೆ. ಯಾವ ನಗರಕ್ಕೂ ಸೇರದ ಜಾಗಗಳೂ ಉಂಟು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಬಹುಭಾಗ ಅಂಥದ್ದು, ಅಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡಬೇಕಾದದ್ದು ಕೌಂಟಿ.

ರಸ್ತೆಗಳನ್ನು ನೋಡಿದರೆ ಈ ಹಂಚಿಕೆ ಕಣ್ಣಿಗೇ ಕಾಣುತ್ತದೆ. ಸನಿವೇಲ್‌ನ ಮನೆಯಿಂದ ಹೊರಟವರು ತಮ್ಮ ಬೀದಿಯಲ್ಲಿ ಗುಂಡಿ ಕಂಡರೆ ನಗರಕ್ಕೆ ತಿಳಿಸಬೇಕು. ಲಾರೆನ್ಸ್ ಎಕ್ಸ್‌ಪ್ರೆಸ್‌ವೇಗೆ ತಿರುಗಿದ ಮೇಲೆ ಕಂಡರೆ ಕೌಂಟಿಗೆ. ಅಲ್ಲಿಂದ 280ನೇ ಹೆದ್ದಾರಿ ಹತ್ತಿದ ಮೇಲಾದರೆ ರಾಜ್ಯ ಸರ್ಕಾರದ ಕ್ಯಾಲ್‌ಟ್ರಾನ್ಸ್‌ಗೆ. ಹತ್ತು ನಿಮಿಷದ ದಾರಿಗೆ ಮೂವರು ಯಜಮಾನರು. ಸ್ಯಾನ್ ಟೋಮಸ್, ಮಾಂಟೆಗ್ಯೂ, ಸೆಂಟ್ರಲ್, ಫುಟ್‌ಹಿಲ್ ಎಕ್ಸ್‌ಪ್ರೆಸ್‌ವೇಗಳೂ ಕೌಂಟಿಯವೇ.

ಮನೆ ಕೊಂಡವರು ಹೆಚ್ಚು ಗಮನ ಕೊಡಬೇಕಾದದ್ದು ಆಸ್ತಿ ತೆರಿಗೆಗೆ. 1978ರಲ್ಲಿ ಮತದಾರರು ಅಂಗೀಕರಿಸಿದ ಪ್ರಾಪೊಸಿಷನ್ 13ರ ಪ್ರಕಾರ ಮೂಲ ತೆರಿಗೆ ಅಂದಾಜು ಮೌಲ್ಯದ ಶೇ. 1, ಅದರ ಮೇಲೆ ಶಾಲೆ ಮುಂತಾದವುಗಳಿಗಾಗಿ ಜನ ಒಪ್ಪಿದ ಬಾಂಡ್‌ಗಳ ಹೊರೆ ಸೇರುತ್ತದೆ. ಮನೆಯ ಒಡೆತನ ಬದಲಾಗದೆ, ಹೊಸ ಕಟ್ಟಡ ಏಳದೆ ಇರುವವರೆಗೆ ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗಾಗಿ ಒಂದೇ ನಕ್ಷೆಯ ಎರಡು ಅಕ್ಕಪಕ್ಕದ ಮನೆಗಳಲ್ಲಿ, 1985ರಲ್ಲಿ ಕೊಂಡವರು ಕಟ್ಟುವುದರ ಹಲವು ಪಟ್ಟನ್ನು ಕಳೆದ ವರ್ಷ ಕೊಂಡವರು ಕಟ್ಟುತ್ತಾರೆ. ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಇದು ದೊಡ್ಡ ರಕ್ಷಣೆ ಎಂಬುದನ್ನು ಒಪ್ಪಬೇಕು, ಆದರೆ ಭಾರ ಬೀಳುವುದು ತಡವಾಗಿ ಬಂದವರ ಮೇಲೆ, ಅಂದರೆ ಬಹುಪಾಲು ನಮ್ಮಂಥವರ ಮೇಲೆ.

ಮೌಲ್ಯ ಕಟ್ಟುವುದು ಅಸೆಸರ್, ಹಣ ವಸೂಲಿ ಮಾಡುವುದು ಬೇರೆ ಇಲಾಖೆ. ಮೊದಲ ಕಂತನ್ನು ಡಿಸೆಂಬರ್ 10ರೊಳಗೆ, ಎರಡನೆಯದನ್ನು ಏಪ್ರಿಲ್ 10ರೊಳಗೆ ಕಟ್ಟಬೇಕು; ತಪ್ಪಿದರೆ ಶೇ. 10 ದಂಡ. ಹೊಸಬರು ಎಡವುವುದು ಸಪ್ಲಿಮೆಂಟಲ್ ಬಿಲ್ಲಿನ ವಿಷಯದಲ್ಲಿ. ಹಿಂದಿನ ಮಾಲೀಕರ ಮೌಲ್ಯಕ್ಕೂ ನಿಮ್ಮ ಖರೀದಿಯ ಮೌಲ್ಯಕ್ಕೂ ಇರುವ ವ್ಯತ್ಯಾಸದ ಮೇಲಿನ ತೆರಿಗೆಯನ್ನು ಜೂನ್ ಅಂತ್ಯದವರೆಗಿನ ಅವಧಿಗೆ ಲೆಕ್ಕ ಹಾಕಿ, ಮನೆ ಕೊಂಡು ಎಷ್ಟೋ ತಿಂಗಳಾದ ಮೇಲೆ ಕಳಿಸುವ ಪ್ರತ್ಯೇಕ ಬಿಲ್ಲು ಇದು. ಮಾಮೂಲಿ ತೆರಿಗೆಯನ್ನು ಸಾಲ ಕೊಟ್ಟ ಬ್ಯಾಂಕೇ ಕಟ್ಟುತ್ತಿದ್ದರೂ ಇದು ಸಾಮಾನ್ಯವಾಗಿ ನೇರ ಮಾಲೀಕರ ಹೆಸರಿಗೆ ಬರುತ್ತದೆ. ಜಾಹೀರಾತಿನ ಲಕೋಟೆಗಳ ಜೊತೆ ಇದನ್ನೂ ಕಸಕ್ಕೆ ಹಾಕಬಾರದು.

ಶಾಲೆಗಳ ವಿಷಯ ಬೇರೆಯೇ. ಶಾಲಾ ಡಿಸ್ಟ್ರಿಕ್ಟ್‌ನ ಗಡಿ ನಗರದ ಗಡಿಗೆ ಹೊಂದಿಕೊಂಡಿರಬೇಕೆಂದಿಲ್ಲ: ಅಂಚೆ ವಿಳಾಸದಲ್ಲಿ ಸ್ಯಾನ್ ಹೋಸೆ ಎಂದಿರುವ ಪಶ್ಚಿಮದ ಎಷ್ಟೋ ಮನೆಗಳು ಕುಪರ್ಟಿನೋ ಯೂನಿಯನ್ ಶಾಲಾ ಡಿಸ್ಟ್ರಿಕ್ಟ್‌ಗೆ ಸೇರುತ್ತವೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ವಿಳಾಸವನ್ನು ಡಿಸ್ಟ್ರಿಕ್ಟ್‌ನಲ್ಲೇ ಖಚಿತಪಡಿಸಿಕೊಳ್ಳಿ. ಕೌಂಟಿಯ ಮುಖ್ಯ ಆಸ್ಪತ್ರೆ ವ್ಯಾಲಿ ಮೆಡಿಕಲ್ ಸೆಂಟರ್; 2019ರಲ್ಲಿ ಕೌಂಟಿಯು ಓ'ಕಾನರ್ ಮತ್ತು ಗಿಲ್ರಾಯ್‌ನ ಸೇಂಟ್ ಲೂಯಿಸ್ ಆಸ್ಪತ್ರೆಗಳನ್ನೂ ಕೊಂಡಿತು. ಸಾರ್ವಜನಿಕ ಆರೋಗ್ಯದಲ್ಲಿ ಕೌಂಟಿಯ ಅಧಿಕಾರ ಎಷ್ಟೆಂಬುದು 2020ರ ಮಾರ್ಚ್‌ನಲ್ಲಿ ಎಲ್ಲರಿಗೂ ಅರಿವಾಯಿತು: ಮನೆಯಲ್ಲೇ ಇರಿ ಎಂಬ ಆದೇಶವನ್ನು ಇಡೀ ರಾಜ್ಯಕ್ಕಿಂತ ಮುಂಚೆ ಹೊರಡಿಸಿದವರು ಈ ಕೌಂಟಿಯೂ ಸೇರಿದಂತೆ ಕೊಲ್ಲಿ ಪ್ರದೇಶದ ಆರೋಗ್ಯಾಧಿಕಾರಿಗಳು.

ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರಿಗೆ ಮತದಾನದ ಹಕ್ಕಿಲ್ಲ, ಆದರೆ ಮಾತನಾಡುವ ಹಕ್ಕಿದೆ. 1953ರ ಬ್ರೌನ್ ಕಾಯಿದೆಯಂತೆ ಬೋರ್ಡು, ನಗರಸಭೆ, ಶಾಲಾ ಮಂಡಳಿ ಮೊದಲಾದವುಗಳು ತಮ್ಮ ಮಾಮೂಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತಿಗೆ ಅವಕಾಶ ಕೊಡಬೇಕು. ಪೌರತ್ವವನ್ನು ಯಾರೂ ಕೇಳುವುದಿಲ್ಲ. ಸಿಗುವುದು ಒಂದೆರಡು ನಿಮಿಷವಾದ್ದರಿಂದ ಹೇಳಬೇಕಾದದ್ದನ್ನು ಬರೆದುಕೊಂಡು ಹೋಗುವುದು ಲೇಸು. ಸಭೆಗೆ ನಮ್ಮವರು ಬರುವುದು ಬಹುತೇಕ ಶಾಲೆಯ ವಿಷಯಕ್ಕೆ ಮಾತ್ರ ಎಂಬುದು ನನಗೆ ಕಾಣುವ ಕೊರತೆ.

ಎರಡು ಎಚ್ಚರಿಕೆಗಳು ಅಗತ್ಯ. ಚಾಲನಾ ಪರವಾನಗಿ ಕೊಡುವ ರಾಜ್ಯ ಇಲಾಖೆಯಾದ ಡಿಎಂವಿಯ ದಾಖಲೆಗಳಿಂದಲೂ ಹೆಸರು ಆರಿಸುವುದರಿಂದ ಪೌರರಲ್ಲದವರಿಗೂ ನ್ಯಾಯಾಲಯದಿಂದ ಜ್ಯೂರಿ ಸಮನ್ಸ್ (ತೀರ್ಪುಗಾರರ ತಂಡದಲ್ಲಿ ಕೂರಲು ಕರೆ) ಬರುವುದುಂಟು. ಅದನ್ನು ಕಡೆಗಣಿಸದೆ, ತಾವು ಅಮೆರಿಕದ ಪೌರರಲ್ಲ ಎಂದು ಉತ್ತರಿಸಬೇಕು. ಅದೇ ಡಿಎಂವಿ ಅರ್ಜಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆಯೂ ಇರುತ್ತದೆ. ಓದದೆ ಪೌರನೆಂದು ಗುರುತು ಹಾಕಿದರೆ ಮುಂದೆ ಗ್ರೀನ್ ಕಾರ್ಡಿಗೂ ಪೌರತ್ವಕ್ಕೂ ಕುತ್ತು ಬರಬಹುದು. ಪೌರತ್ವ ದೊರೆತ ಮೇಲೆ ನೋಂದಾಯಿಸಿಕೊಂಡವರಿಗೆ ಪ್ರತಿ ಚುನಾವಣೆಯ ಮತಪತ್ರ ಅಂಚೆಯಲ್ಲೇ ಬರುತ್ತದೆ. ಲಕೋಟೆಯ ಮೇಲಿನ ಸಹಿಯನ್ನು ಕಡತದಲ್ಲಿರುವ ಸಹಿಗೆ ಹೋಲಿಸಿ ನೋಡುವುದರಿಂದ ಎರಡೂ ಕಡೆ ಒಂದೇ ಬಗೆಯ ಸಹಿ ಹಾಕಬೇಕು.